ಅಂಗಳಕ್ಕೆ ಮೊದಲ ಕಾರು ಬರುವ ಮುನ್ನ

ಜೂನ್ ತಿಂಗಳ ಬೆಳಿಗ್ಗೆ ತೊಕ್ಕೊಟ್ಟಿನಿಂದ ಪಂಪ್‌ವೆಲ್ ತನಕ ಹೆದ್ದಾರಿಯಲ್ಲಿ ಹತ್ತು ನಿಮಿಷ ನಿಂತು ನೋಡಿದರೆ ಸಾಕು, ಈ ಲೇಖನ ಯಾಕೆ ಅಂತ ಅರ್ಥವಾಗುತ್ತದೆ. ನೇತ್ರಾವತಿ ಸೇತುವೆಯ ಮೇಲೆ ಗಾಳಿ, ಮಳೆ. ಅದರ ನಡುವೆ ಒಂದು ಸ್ಕೂಟರ್. ಮುಂದೆ ನಿಂತ ಒಂದು ಮಗು, ಗಾಡಿ ಓಡಿಸುವ ತಂದೆ, ಅವನ ಬೆನ್ನಿಗೆ ಅಂಟಿಕೊಂಡ ಇನ್ನೊಂದು ಮಗು, ಹಿಂದೆ ಒಂದೇ ಬದಿಗೆ ಕಾಲು ಇಳಿಬಿಟ್ಟು ಕುಳಿತ ತಾಯಿ. ಆಕೆಯ ಬುರ್ಖಾದ ಅಂಚು ಚಕ್ರದಿಂದ ನಾಲ್ಕು ಬೆರಳು ದೂರದಲ್ಲಿ ಹಾರುತ್ತಿರುತ್ತದೆ. ಪಕ್ಕದಲ್ಲೇ ನೀರು ಚಿಮ್ಮಿಸುತ್ತಾ ಸಾಗುವ ಟ್ಯಾಂಕರ್ ಲಾರಿ. ಇಬ್ಬರಿಗೆ ಮಾತ್ರ ಅನುಮತಿ ಇರುವ ಗಾಡಿಯಲ್ಲಿ ನಾಲ್ವರು ಹೋಗುತ್ತಿರುವುದು ಕಾನೂನು ಗೊತ್ತಿಲ್ಲದೆ ಅಲ್ಲ, ಬೇರೆ ದಾರಿ ಇಲ್ಲದೆ.

ಇಂಥದ್ದೇ ದೃಶ್ಯ, ಮಳೆಯಲ್ಲಿ ಸ್ಕೂಟರ್ ಮೇಲೆ ಹೋಗುವ ಇಡೀ ಕುಟುಂಬ, ತಮ್ಮ ಮನಸ್ಸಿಗೆ ತಟ್ಟಿದ್ದರಿಂದಲೇ ನ್ಯಾನೋ ಕಾರಿನ ಯೋಚನೆ ಹುಟ್ಟಿತು ಎಂದು ರತನ್ ಟಾಟಾ ಹೇಳಿಕೊಂಡಿದ್ದರು. 2008ರಲ್ಲಿ ಜಗತ್ತಿಗೆ ತೋರಿಸಿ, 2009ರಲ್ಲಿ ಮಾರುಕಟ್ಟೆಗೆ ಬಿಟ್ಟ ಆ ಕಾರು ಹತ್ತು ವರ್ಷ ತುಂಬುವುದರೊಳಗೆ ನಿಂತುಹೋಯಿತು. ಕಾರಣಗಳು ಹಲವು. ಅವುಗಳಲ್ಲಿ ಒಂದು, ಅದಕ್ಕೆ ಅಂಟಿದ "ಅತಿ ಅಗ್ಗದ ಕಾರು" ಎಂಬ ಹೆಸರು. ಸ್ಕೂಟರಿನಲ್ಲಿ ನೆನೆಯುವವನಿಗೂ ನಾಲ್ಕು ಜನ "ಅಯ್ಯೋ, ಅದಾ?" ಅನ್ನುವ ಕಾರು ಬೇಡವಾಯಿತು. ಈ ನಾಚಿಕೆಯ ವಿಷಯಕ್ಕೆ ಕೊನೆಯಲ್ಲಿ ಬರೋಣ. ಮೊದಲು ಲೆಕ್ಕ ನೋಡೋಣ.

ಎಂಟುನೂರರಿಂದ ಆಲ್ಟೋವರೆಗೆ

ನಮ್ಮ ಕರಾವಳಿಯ ಹಿರಿಯರಿಗೆ ಸಣ್ಣ ಕಾರು ಅಂದರೆ ಮಾರುತಿ 800. 1983ರ ಡಿಸೆಂಬರ್‌ನಲ್ಲಿ ಮೊದಲ ಕಾರಿನ ಕೀಲಿಕೈಯನ್ನು ಆಗಿನ ಪ್ರಧಾನಿ ಇಂದಿರಾ ಗಾಂಧಿ ಹಸ್ತಾಂತರಿಸಿದರು. 2014ರ ಜನವರಿಯಲ್ಲಿ ಅದರ ತಯಾರಿಕೆ ನಿಂತಿತು. ಮೂವತ್ತು ವರ್ಷ ಅದು ನಮ್ಮ ದೇಶದ ಮಧ್ಯಮ ವರ್ಗದ ಮೊದಲ ಕಾರಾಗಿತ್ತು. ಕುಟುಂಬ ದೊಡ್ಡದಿರುವ ನಮ್ಮ ಮನೆಗಳಲ್ಲಿ ಅದಕ್ಕಿಂತ ಹೆಚ್ಚು ಕಂಡದ್ದು ಓಮ್ನಿ. ವಾರದ ದಿನಗಳಲ್ಲಿ ವ್ಯಾಪಾರದ ಸಾಮಾನು, ಆದಿತ್ಯವಾರ ಮದುವೆಗೆ ಇಡೀ ಮನೆ. ಅದೂ 2019ರಲ್ಲಿ ನಿಂತಿತು. 2000ದಲ್ಲಿ ಬಂದ ಆಲ್ಟೋ ಹಲವು ವರ್ಷ ದೇಶದಲ್ಲೇ ಅತಿ ಹೆಚ್ಚು ಮಾರಾಟವಾದ ಕಾರಾಗಿತ್ತು. 800 ಸಿಸಿಯ ಆಲ್ಟೋ 2023ರಲ್ಲಿ ನಿಂತ ಮೇಲೆ ಆ ಹೆಸರಲ್ಲಿ ಉಳಿದಿರುವುದು ಆಲ್ಟೋ ಕೆ10 ಮಾತ್ರ. ಇಂದಿನ ರೂಪದ ಕೆ10 ಬಂದದ್ದು 2022ರ ಆಗಸ್ಟ್‌ನಲ್ಲಿ.

ಇಂದು ಐದು ಲಕ್ಷದ ಆಸುಪಾಸಿನಲ್ಲಿ ಹೊಸ ಕಾರು ಕೊಳ್ಳುವವರ ಮುಂದೆ ಆಲ್ಟೋ ಕೆ10, ರೆನೋ ಕ್ವಿಡ್, ಟಾಟಾ ಟಿಯಾಗೊ, ಸೆಲೆರಿಯೊ, ವ್ಯಾಗನ್ ಆರ್ ಹೀಗೆ ಬೆರಳೆಣಿಕೆಯ ಗಾಡಿಗಳಿವೆ. ಯಾವುದು ಒಳ್ಳೆಯದು ಅಂತ ಕೇಳುವ ಮೊದಲು, ನಮ್ಮ ದಾರಿ ಎಂಥದ್ದು, ಕೂರುವವರು ಯಾರು ಎಂದು ಕೇಳಿಕೊಳ್ಳುವುದು ಒಳ್ಳೆಯದು.

ನಮ್ಮ ಗಲ್ಲಿ, ನಮ್ಮ ಏರು

ಬಂದರು, ಕುದ್ರೋಳಿ, ಉಳ್ಳಾಲದ ಒಳರಸ್ತೆಗಳಲ್ಲಿ ಓಡಾಡುವವರಿಗೆ ಕಾರಿನ ಉದ್ದಗಲ ಎಂಬುದು ಪುಸ್ತಕದ ಅಂಕಿಯಲ್ಲ. ಎದುರಿಂದ ಒಂದು ರಿಕ್ಷಾ ಬಂದರೆ ಯಾರೋ ಒಬ್ಬರು ಹಿಂದೆ ಹೋಗಲೇಬೇಕು. ಆಲ್ಟೋ ಕೆ10ರ ಅಗಲ 1,490 ಮಿಲಿಮೀಟರ್, ಉದ್ದ 3,530. ಕ್ವಿಡ್‌ನ ಅಗಲ 1,579. ಟಿಯಾಗೊದ ಅಗಲ 1,677. ಆಲ್ಟೋಗೂ ಟಿಯಾಗೊಗೂ ವ್ಯತ್ಯಾಸ ಒಂದು ಗೇಣಿನಷ್ಟು. ಹೆದ್ದಾರಿಯಲ್ಲಿ ಆ ಗೇಣು ಲೆಕ್ಕಕ್ಕಿಲ್ಲ. ಎರಡು ಆವರಣ ಗೋಡೆಗಳ ನಡುವೆ ಮಾತ್ರ ಕನ್ನಡಿ ಉಳಿಯುತ್ತದೋ ಇಲ್ಲವೋ ಎಂಬುದು ಅದರಿಂದಲೇ ತೀರ್ಮಾನ. ಕಾರು ಗೊತ್ತು ಮಾಡುವ ಮುಂಚೆ ಮನೆಯ ಗೇಟು, ಮನೆಗೆ ಬರುವ ದಾರಿಯ ಅತಿ ಕಿರಿದಾದ ಜಾಗ ಎರಡನ್ನೂ ಟೇಪು ಹಿಡಿದು ಅಳೆಯಿರಿ. ಬಾಗಿಲು ತೆರೆದು ಇಳಿಯುವಷ್ಟು ಜಾಗ ಶೆಡ್ಡಿನಲ್ಲಿ ಇದೆಯೋ ಅಂತಲೂ ನೋಡಿ.

ಎರಡನೆಯದು ಏರು. ಮಂಗಳೂರು ಗುಡ್ಡಗಳ ಊರು. ಬೆಂಗಳೂರಿನವರು ಬರೆದ ವಿಮರ್ಶೆಯಲ್ಲಿ "ಎಂಜಿನ್ ಸಾಕಷ್ಟು ಚುರುಕು" ಎಂದಿದ್ದರೆ ಅದು ಅವರ ರಸ್ತೆಯ ಮಾತು. ಕೆ10ರದ್ದು 998 ಸಿಸಿ, ಮೂರು ಸಿಲಿಂಡರ್. ಇಬ್ಬರು ಕುಳಿತರೆ ಹಗುರ ಗಾಡಿ ಚೆನ್ನಾಗಿಯೇ ಹೋಗುತ್ತದೆ. ಐದು ಜನ ಕುಳಿತು, ಎಸಿ ಹಾಕಿ, ಏರಿನ ಮಧ್ಯೆ ನಿಂತು ಮತ್ತೆ ಹೊರಡಬೇಕಾದಾಗ ಒಂದನೇ ಗೇರೇ ಬೇಕು. ಹಾಗಾಗಿ ಟೆಸ್ಟ್ ಡ್ರೈವ್‌ಗೆ ಒಬ್ಬರೇ ಹೋಗಬೇಡಿ. ಮನೆಯವರನ್ನೆಲ್ಲ ಕೂರಿಸಿಕೊಂಡು ಹೋಗಿ, ಶೋರೂಮಿನವರು ತೋರಿಸುವ ಸಮತಟ್ಟು ರಸ್ತೆ ಬಿಟ್ಟು ನಿಮ್ಮ ಮನೆಯ ಏರಿಗೆ ಕೊಂಡೊಯ್ಯಿರಿ.

ಕ್ಲಚ್ ಇಲ್ಲದ ಎಎಂಟಿ ಗೇರು ನಗರದ ಟ್ರಾಫಿಕ್‌ಗೆ ಆರಾಮ, ಹೊಸದಾಗಿ ಕಲಿಯುವವರಿಗೆ ಧೈರ್ಯ. ಆದರೆ ಏರಿನಲ್ಲಿ ಬ್ರೇಕ್ ಬಿಟ್ಟೊಡನೆ ಗಾಡಿ ಹಿಂದಕ್ಕೆ ಜಾರುವುದುಂಟು. ಹಿಲ್ ಹೋಲ್ಡ್ ಎಂಬ ವ್ಯವಸ್ಥೆ ಆ ಮಾದರಿಯಲ್ಲಿ ಇದೆಯೋ ಅಂತ ಕೇಳಿ, ಓಡಿಸಿಯೂ ನೋಡಿ.

ಮೂರನೆಯದು, ಮನೆಯ ಹಿರಿಯರ ಮೊಣಕಾಲು. ಕಾರು ಬೇಕಾಗುವುದೇ ಹೆಚ್ಚಾಗಿ ಉಮ್ಮನನ್ನು ದೇರಳಕಟ್ಟೆಗೋ ಕಂಕನಾಡಿಗೋ ಆಸ್ಪತ್ರೆಗೆ ಕರೆದೊಯ್ಯಲು. ಸೀಟು ತಗ್ಗಿದ್ದರೆ ಕೂರುವುದು, ಏಳುವುದು ಎರಡೂ ಕಷ್ಟ. ಎತ್ತರದ ವ್ಯಾಗನ್ ಆರ್ ನಮ್ಮ ಮನೆಗಳಲ್ಲಿ ಇಷ್ಟವಾಗಿರುವುದಕ್ಕೆ ಇದೂ ಒಂದು ಕಾರಣ. ಹಿರಿಯರನ್ನೇ ಶೋರೂಮಿಗೆ ಕರೆದೊಯ್ದು ಎರಡು ಸಲ ಹತ್ತಿಸಿ ಇಳಿಸಿ ನೋಡಿದರೆ ಬೇರೆ ಯಾರ ಅಭಿಪ್ರಾಯವೂ ಬೇಕಾಗಿಲ್ಲ.

ಬೋರ್ಡಿನ ದರ, ಕೈಯ ದರ

2025ರ ಸೆಪ್ಟಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ 28ರಿಂದ 18 ಶೇಕಡಕ್ಕೆ ಇಳಿಯಿತು. ನಾಲ್ಕು ಮೀಟರ್ ಒಳಗಿನ ಉದ್ದ, 1,200 ಸಿಸಿ ಒಳಗಿನ ಪೆಟ್ರೋಲ್ ಎಂಜಿನ್ ಇರುವ ಗಾಡಿಗಳಿಗೆ ಈ ಲಾಭ. ಆಗ ಆಲ್ಟೋ ಕೆ10ರ ಆರಂಭಿಕ ಶೋರೂಂ ದರ 3.70 ಲಕ್ಷದ ಹತ್ತಿರಕ್ಕೆ, ಕ್ವಿಡ್ 4.30 ಲಕ್ಷಕ್ಕೆ ಬಂತು. ಟಿಯಾಗೊ ನಾಲ್ಕೂವರೆ ಲಕ್ಷ ದಾಟಿದಲ್ಲಿಂದ ಶುರು. ದರ ಆಗಾಗ ಬದಲಾಗುತ್ತದೆ, ಕೊಳ್ಳುವ ದಿನದ ದರವನ್ನೇ ಕೇಳಿ.

ಆದರೆ ಜಾಹೀರಾತಿನ ದರದಲ್ಲಿ ಕಾರು ಮನೆಗೆ ಬರುವುದಿಲ್ಲ ಮಾರಾಯ್ರೆ. ಕರ್ನಾಟಕದಲ್ಲಿ ಐದು ಲಕ್ಷದೊಳಗಿನ ಪೆಟ್ರೋಲ್ ಕಾರಿಗೆ ಜೀವಾವಧಿ ರಸ್ತೆ ತೆರಿಗೆ ಶೇ. 13, ಅದರ ಮೇಲೆ ಸೆಸ್ ಬೇರೆ. ಐದು ಲಕ್ಷ ದಾಟಿದರೆ ಶೇ. 14. ಅಂದರೆ 3.70 ಲಕ್ಷದ ಕಾರಿಗೂ ತೆರಿಗೆಯೊಂದೇ ಐವತ್ತು ಸಾವಿರ ದಾಟುತ್ತದೆ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೇ ಕಟ್ಟಬೇಕು. ಇಲ್ಲಿ ಎಂಜಿನ್‌ನ ಗಾತ್ರ ಲೆಕ್ಕಕ್ಕೆ ಬರುತ್ತದೆ. 1,000 ಸಿಸಿ ಒಳಗಿನ ಗಾಡಿಯ ಕಂತು ಅದಕ್ಕಿಂತ ದೊಡ್ಡ ಎಂಜಿನ್‌ನದ್ದಕ್ಕಿಂತ ಸಾಕಷ್ಟು ಕಮ್ಮಿ. ಸ್ವಂತ ಗಾಡಿಯ ಹಾನಿಗೆ ಇನ್ನೊಂದು ವಿಮೆ. ಇದನ್ನು ಶೋರೂಮಿನಲ್ಲೇ ಮಾಡಬೇಕು ಎಂಬ ಕಡ್ಡಾಯವಿಲ್ಲ. ಹೊರಗೆ ವಿಚಾರಿಸಿ ಹೋಲಿಸಿ ನೋಡಬಹುದು. ಮ್ಯಾಟ್, ಸೀಟ್ ಕವರ್, ಕೋಟಿಂಗ್ ಎಂದು ಬಿಲ್ಲಿಗೆ ಸೇರಿಸುವ ಸಾಲುಗಳನ್ನೂ ಒಂದೊಂದಾಗಿ ಓದಿ. ಬೇಡದ್ದನ್ನು ಬೇಡ ಎನ್ನಲು ಸಂಕೋಚ ಯಾಕೆ?

ವಿಮೆಯ ವಿಷಯದಲ್ಲಿ ನಮ್ಮ ಊರಿಗೆ ವಿಶೇಷವಾಗಿ ಬೇಕಾದ ಮಾತೊಂದಿದೆ. ಜೋರು ಮಳೆಗೆ ಕೊಟ್ಟಾರ ಚೌಕಿ, ಪಂಪ್‌ವೆಲ್ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ನೀರಿನಲ್ಲಿ ನಿಂತುಹೋದ ಕಾರನ್ನು ಮತ್ತೆ ಮತ್ತೆ ಸ್ಟಾರ್ಟ್ ಮಾಡಿದರೆ ನೀರು ಎಂಜಿನ್ ಒಳಗೆ ಸೇರಿ ಅದು ಕೆಟ್ಟುಹೋಗುತ್ತದೆ. ಸಾಮಾನ್ಯ ವಿಮೆಯಲ್ಲಿ ಈ ನಷ್ಟ ಸಿಗುವುದು ಕಷ್ಟ. ಎಂಜಿನ್ ರಕ್ಷಣೆಯ ಪ್ರತ್ಯೇಕ ಕವರ್ ಬೇಕು. ಕವರ್ ಇರಲಿ ಇಲ್ಲದಿರಲಿ, ನೀರಿನಲ್ಲಿ ನಿಂತ ಗಾಡಿಯನ್ನು ಸ್ಟಾರ್ಟ್ ಮಾಡದೆ ತಳ್ಳಿ ಹೊರಗೆ ತರುವುದೇ ಕ್ಷೇಮ.

ಇನ್ನು ತಿಂಗಳ ಖರ್ಚು. ಕಂಪೆನಿ ಹೇಳುವ ಪ್ರಕಾರ ಕೆ10 ಲೀಟರಿಗೆ 24 ಕಿಲೋಮೀಟರ್‌ಗಿಂತ ಹೆಚ್ಚು ಕೊಡುತ್ತದೆ. ಅದು ಪರೀಕ್ಷೆಯ ಅಂಕಿ. ಹಂಪನಕಟ್ಟೆಯ ಸಿಗ್ನಲ್‌ನಲ್ಲಿ, ಎಸಿ ಹಾಕಿ, ಅಷ್ಟು ಸಿಗದು. ಹದಿನೇಳು ಎಂದು ಹಿಡಿಯೋಣ. ತಿಂಗಳಿಗೆ 600 ಕಿಲೋಮೀಟರ್ ಓಡಿದರೆ 35 ಲೀಟರ್. ಲೀಟರಿಗೆ ನೂರು ರೂಪಾಯಿಯಂತೆ ಲೆಕ್ಕ ಹಾಕಿದರೂ ಮೂರೂವರೆ ಸಾವಿರ. ಸರ್ವಿಸ್, ಟಯರ್, ಮುಂದಿನ ವಿಮೆಗೆ ತಿಂಗಳಿಗೆ ಇನ್ನೆರಡು ಸಾವಿರ ಬದಿಗಿಡಬೇಕು. ಇಷ್ಟು ಹೊರಲಾಗುವ ಮನೆಗೆ ಕಾರು ಅನುಕೂಲ. ಆಗದಿದ್ದರೆ ಬೇಕಾದಾಗ ರಿಕ್ಷಾ ಹಿಡಿಯುವುದೇ ಅಗ್ಗ, ಅದರಲ್ಲಿ ಅವಮಾನವೇನಿಲ್ಲ. ಸಿಎನ್‌ಜಿ ಗಾಡಿಯಲ್ಲಿ ಇಂಧನದ ಖರ್ಚು ಉಳಿಯುತ್ತದೆ, ಆದರೆ ಡಿಕ್ಕಿಯ ಜಾಗವನ್ನು ಸಿಲಿಂಡರ್ ನುಂಗುತ್ತದೆ. ದಿನಾ ದೂರ ಓಡುವವರಿಗೆ ಮಾತ್ರ ಅದರ ಹೆಚ್ಚಿನ ದರ ಬೇಗ ಹುಟ್ಟುತ್ತದೆ.

ಅಗ್ಗವಾಗಬಾರದ ಒಂದು

ಗಲ್ಲಿಯ ಅಗಲ, ಪೆಟ್ರೋಲು, ಕಂತು ಎಲ್ಲದರಲ್ಲೂ ಹೊಂದಾಣಿಕೆ ಮಾಡಬಹುದು. ಸುರಕ್ಷತೆಯಲ್ಲಿ ಮಾತ್ರ ಯೋಚಿಸಿ. 2014ರ ಆರಂಭದಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದ ಐದು ಸಣ್ಣ ಕಾರುಗಳ ಆರಂಭಿಕ ಮಾದರಿಗಳನ್ನು ಡಿಕ್ಕಿ ಹೊಡೆಸಿ ಪರೀಕ್ಷಿಸಿತು. ಐದಕ್ಕೂ ಸೊನ್ನೆ ಸ್ಟಾರ್. ಒಂದರಲ್ಲೂ ಏರ್‌ಬ್ಯಾಗ್ ಇರಲಿಲ್ಲ. ಅಲ್ಲಿಂದ ಕಾನೂನು ಬಿಗಿಯಾಯಿತು. 2019ರಲ್ಲಿ ಎಬಿಎಸ್ ಬ್ರೇಕ್ ಮತ್ತು ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದವು. 2022ರ ಜನವರಿಯಿಂದ ಎಲ್ಲ ಕಾರುಗಳಿಗೂ ಮುಂದಿನ ಪ್ರಯಾಣಿಕನ ಏರ್‌ಬ್ಯಾಗ್ ಕೂಡ ಕಡ್ಡಾಯ.

2023ರಲ್ಲಿ ಎರಡು ಏರ್‌ಬ್ಯಾಗಿನ ಆಲ್ಟೋ ಕೆ10 ದೊಡ್ಡವರ ರಕ್ಷಣೆಯಲ್ಲಿ ಎರಡು ಸ್ಟಾರ್ ಪಡೆದರೆ, ಮಕ್ಕಳ ರಕ್ಷಣೆಯಲ್ಲಿ ಸೊನ್ನೆ. 2025ರಿಂದ ಅದರ ಎಲ್ಲ ಮಾದರಿಗಳಲ್ಲಿ ಆರು ಏರ್‌ಬ್ಯಾಗ್ ಬರುತ್ತಿದೆ. ಇದು ಒಳ್ಳೆಯ ಸುದ್ದಿ. ಆದರೂ ಏರ್‌ಬ್ಯಾಗಿನ ಸಂಖ್ಯೆ ಮತ್ತು ಗಾಡಿಯ ದೇಹದ ಗಟ್ಟಿತನ ಬೇರೆ ಬೇರೆ. ಟಿಯಾಗೊ 2020ರಲ್ಲಿ ಎರಡೇ ಏರ್‌ಬ್ಯಾಗಿನಲ್ಲಿ ನಾಲ್ಕು ಸ್ಟಾರ್ ಪಡೆದಿತ್ತು. ನಗರದೊಳಗೆ ಮೂವತ್ತು, ನಲ್ವತ್ತರ ವೇಗದಲ್ಲಿ ಮಾತ್ರ ಓಡಿಸುವವರು ಒಂದು ರೀತಿ ಯೋಚಿಸಬಹುದು. ವಾರಕ್ಕೊಮ್ಮೆ ಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ ಉಡುಪಿ, ಕಾಸರಗೋಡು ಎಂದು ಹೊರಡುವವರು ಆ ಹೆಚ್ಚಿನ ಎಂಬತ್ತು ಸಾವಿರವನ್ನು ಗಾಡಿಯ ಗಟ್ಟಿತನಕ್ಕೆ ಕೊಟ್ಟರೆ ನಷ್ಟವಲ್ಲ.

ಮತ್ತೆ ನಮ್ಮದೇ ಒಂದು ಅಭ್ಯಾಸ ಹೇಳಲೇಬೇಕು. ಐದು ಸೀಟಿನ ಕಾರಿಗೆ ಎಂಟು ಜನ. "ಮಕ್ಕಳಲ್ವಾ, ಮಡಿಲಲ್ಲಿ ಕೂರ್ತಾರೆ." ಡಿಕ್ಕಿಯಾದಾಗ ಮಡಿಲಲ್ಲಿರುವ ಮಗುವನ್ನು ಯಾವ ತಾಯಿಯ ಕೈಯೂ ಹಿಡಿದಿಡಲಾರದು. ಮುಂದಿನ ಸೀಟಿನಲ್ಲಿ ಮಡಿಲ ಮೇಲಿರುವ ಮಗುವಿಗೆ ಏರ್‌ಬ್ಯಾಗೇ ಅಪಾಯ. ಹದಿನಾಲ್ಕು ವರ್ಷದೊಳಗಿನ ಮಗುವಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದಿದ್ದರೆ ಸಾವಿರ ರೂಪಾಯಿ ದಂಡ ಎಂದು ಕಾನೂನೂ ಹೇಳುತ್ತದೆ. ಹಿಂದಿನ ಸೀಟಿನವರಿಗೂ ಬೆಲ್ಟ್ ಕಡ್ಡಾಯ. ಸೀಟ್ ಕವರ್ ಹಾಕುವಾಗ ಹಿಂದಿನ ಬೆಲ್ಟಿನ ಬಕಲ್ ಒಳಗೆ ಮುಚ್ಚಿಹೋಗದಂತೆ ನೋಡಿಕೊಳ್ಳಿ.

ಹಳೆಯ ಗಾಡಿ ಕೊಳ್ಳುವವರಿಗೆ

ನಮ್ಮಲ್ಲಿ ಮೊದಲ ಕಾರು ಹೆಚ್ಚಾಗಿ ಸೆಕೆಂಡ್ ಹ್ಯಾಂಡ್. ಎರಡು ಲಕ್ಷಕ್ಕೆ ಒಳ್ಳೆಯ ಗಾಡಿ ಸಿಕ್ಕರೆ ಅದು ಜಾಣತನವೇ. ಮೇಲೆ ಹೇಳಿದ ಇಸವಿಗಳು ಇಲ್ಲಿ ಉಪಯೋಗಕ್ಕೆ ಬರುತ್ತವೆ. 2019ಕ್ಕಿಂತ ಹಳೆಯ ಗಾಡಿಯ ಆರಂಭಿಕ ಮಾದರಿಯಲ್ಲಿ ಏರ್‌ಬ್ಯಾಗ್ ಇರುವ ಸಾಧ್ಯತೆ ಕಡಿಮೆ. ಹತ್ತಿಪ್ಪತ್ತು ಸಾವಿರ ಹೆಚ್ಚು ಕೊಟ್ಟು 2019ರ ನಂತರದ್ದನ್ನು ಹುಡುಕಿ.

ಕಡಲ ಬದಿಯ ಗಾಡಿಗೆ ಮೊದಲ ಶತ್ರು ತುಕ್ಕು. ಹೊರಗಿನ ಬಣ್ಣ ನೋಡಿ ಮರುಳಾಗಬೇಡಿ. ಮ್ಯಾಟ್ ಎತ್ತಿ ನೆಲ ನೋಡಿ, ಡಿಕ್ಕಿಯಲ್ಲಿ ಸ್ಟೆಪ್ನಿ ತೆಗೆದು ಅಡಿ ನೋಡಿ, ಬಾಗಿಲಿನ ಕೆಳಅಂಚು, ಚಕ್ರದ ಮೇಲ್ಭಾಗ ಕೈಯಾಡಿಸಿ. ಎಸಿ ಹಾಕಿದಾಗ ಮುಗ್ಗಲು ವಾಸನೆ, ಸೀಟಿನಡಿಯ ಕಂಬಿಗಳಲ್ಲಿ ಕೆಸರಿನ ಗುರುತು ಇದ್ದರೆ ಆ ಗಾಡಿ ನೆರೆ ನೀರು ಕಂಡಿದೆ ಎಂದೇ ಸಂಶಯ ಪಡಿ. ಪರಿಚಯದ ಮೆಕ್ಯಾನಿಕ್‌ಗೆ ಐನೂರು ಸಾವಿರ ಕೊಟ್ಟು ಲಿಫ್ಟ್‌ಗೆ ಏರಿಸಿ ತೋರಿಸುವುದು ದುಂದಲ್ಲ.

ಕಾಗದ ಪತ್ರದ ವಿಷಯದಲ್ಲಿ "ನಮ್ಮವರೇ ಅಲ್ವಾ" ಎಂಬ ಮಾತು ಬೇಡ. ಆರ್‌ಸಿ ಯಾರ ಹೆಸರಿನಲ್ಲಿದೆಯೋ ಅವರೇ ಮಾಲಕ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಗಾಡಿ ಕೈ ಬದಲಾಗಿ, ಹೆಸರು ಬದಲಾಗದೆ ಉಳಿದು, ಅಪಘಾತವಾದರೆ ಪರಿಹಾರದ ಹೊಣೆ ಎಂದೋ ಮಾರಿದವನ ತಲೆಗೇ ಬರುತ್ತದೆ. ಮಾರುವವರು ಹದಿನಾಲ್ಕು ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಕೊಂಡವರು ಮೂವತ್ತು ದಿನದೊಳಗೆ ಹೆಸರು ಬದಲಾಯಿಸಬೇಕು. ವಿಮೆಯೂ ಕೊಂಡವರ ಹೆಸರಿಗೆ ಬರಬೇಕು. ಗಾಡಿಯ ಮೇಲೆ ಸಾಲವಿದ್ದರೆ ಬ್ಯಾಂಕಿನ ಎನ್‌ಒಸಿ ಸಿಗದೆ ಪೂರ್ತಿ ಹಣ ಕೊಡಬೇಡಿ.

ಹಣದ ದಾರಿ

ಮೂರು ಲಕ್ಷ ಸಾಲವನ್ನು ಶೇ. 9ರ ಬಡ್ಡಿಯಲ್ಲಿ ಐದು ವರ್ಷಕ್ಕೆ ತೆಗೆದರೆ ತಿಂಗಳ ಕಂತು ಸುಮಾರು 6,230 ರೂಪಾಯಿ. ಒಟ್ಟು ಬಡ್ಡಿ 73 ಸಾವಿರಕ್ಕೂ ಮೇಲೆ. "ಕಂತು ಕಮ್ಮಿ ಮಾಡ್ತೇವೆ" ಎಂದು ಏಳು ವರ್ಷಕ್ಕೆ ಎಳೆದರೆ ಬಡ್ಡಿ ಒಂದು ಲಕ್ಷ ದಾಟುತ್ತದೆ. ಅಷ್ಟರಲ್ಲಿ ಕಾರಿನ ಬೆಲೆ ಅರ್ಧಕ್ಕೂ ಕೆಳಗೆ ಬಂದಿರುತ್ತದೆ.

ಬಡ್ಡಿಯಿಂದ ದೂರ ಇರಬೇಕೆನ್ನುವ ಮನೆಗಳು ನಮ್ಮಲ್ಲಿ ಬಹಳ. ಅಂಥವರಿಗೆ ದಾರಿಯಿಲ್ಲ ಅಂತಿಲ್ಲ, ಸ್ವಲ್ಪ ತಾಳ್ಮೆ ಬೇಕು. ಆ ಆರು ಸಾವಿರವನ್ನೇ ತಿಂಗಳು ತಿಂಗಳು ಕೂಡಿಟ್ಟರೆ ಮೂರು ವರ್ಷಕ್ಕೆ ಎರಡು ಲಕ್ಷ ದಾಟುತ್ತದೆ. ಒಂದು ಒಳ್ಳೆಯ ಹಳೆಯ ಗಾಡಿಗೆ ಅದು ಸಾಕು. ಗಲ್ಫಿನಲ್ಲಿರುವ ಅಣ್ಣನೋ ಭಾವನೋ ಕೈಗಡ ಕೊಟ್ಟರೆ ಅದನ್ನು ಬರೆದಿಡಿ. ಎಷ್ಟು, ಯಾವಾಗ ವಾಪಸು ಎಂಬುದು ಕಾಗದದಲ್ಲಿರಲಿ. ಸಾಲವನ್ನು ಬರೆದಿಡಬೇಕೆಂಬುದು ಕುರ್‌ಆನಿನ ಆದೇಶ. ಕುಟುಂಬದೊಳಗೆ ಬರೆಯುವುದು ಅಪನಂಬಿಕೆ ಅಲ್ಲ, ಸಂಬಂಧ ಉಳಿಸುವ ಉಪಾಯ.

ಕೀಲಿಕೈ ಯಾರ ಕೈಯಲ್ಲಿ?

ಗಂಡ ದಮ್ಮಾಮಿನಲ್ಲೋ ದುಬೈಯಲ್ಲೋ ಇರುವ ಮನೆಯಲ್ಲಿ ಕಾರು ವರ್ಷಕ್ಕೆ ಹನ್ನೊಂದು ತಿಂಗಳು ಶೆಡ್ಡಿನಲ್ಲಿ ಮುಚ್ಚಿಕೊಂಡು ಕೂರುವುದನ್ನು ನಾವು ಎಷ್ಟೋ ಕಡೆ ನೋಡುತ್ತೇವೆ. ಬ್ಯಾಟರಿ ಸತ್ತಿರುತ್ತದೆ, ಟಯರ್ ಇಳಿದಿರುತ್ತದೆ. ರಾತ್ರಿ ಮಗುವಿಗೆ ಜ್ವರ ಏರಿದರೆ ಆ ಮನೆಯ ಹೆಣ್ಣುಮಗಳು ನೆರೆಮನೆಯ ಬಾಗಿಲು ಬಡಿಯಬೇಕು. ಮನೆಯಲ್ಲಿ ಕಾರಿದೆ, ಓಡಿಸುವವರಿಲ್ಲ. ಸಣ್ಣ ಕಾರಿನ ನಿಜವಾದ ಲಾಭ ಇಲ್ಲೇ ಇದೆ. ಹಗುರ ಸ್ಟಿಯರಿಂಗ್, ಸಣ್ಣ ಜಾಗದಲ್ಲಿ ತಿರುಗುವ ಗಾಡಿ, ಬೇಕಾದರೆ ಕ್ಲಚ್ ಇಲ್ಲದ ಗೇರು. ಎಲ್‌ಎಲ್‌ಆರ್ ಆಗಿ ಮೂವತ್ತು ದಿನ ಕಳೆದರೆ ಡಿಎಲ್ ಪರೀಕ್ಷೆಗೆ ಹಾಜರಾಗಬಹುದು. ಕಾರಿನ ಬಜೆಟಿನಲ್ಲೇ ಮನೆಯಾಕೆಯ ಡ್ರೈವಿಂಗ್ ತರಗತಿಯ ಫೀಸನ್ನೂ ಸೇರಿಸಿ. ನಾಲ್ಕು ದಿನ ಯಾರಾದರೂ ಏನಾದರೂ ಅಂದಾರು, ಐದನೆಯ ದಿನ ಅವರೇ "ಆಸ್ಪತ್ರೆಗೊಮ್ಮೆ ಬಿಡ್ತೀಯಾ ಮೋಳೇ" ಅಂತ ಬರುತ್ತಾರೆ.

ಕೀಲಿಕೈ ಹೋಗಬಾರದ ಕೈಯೂ ಒಂದಿದೆ. ಹದಿನಾರರ ಹುಡುಗ "ಅಂಗಡಿ ತನಕ" ಎಂದು ಗಾಡಿ ತೆಗೆದು ಸಿಕ್ಕಿಬಿದ್ದರೆ ಪೋಷಕರಿಗೆ ಇಪ್ಪತ್ತೈದು ಸಾವಿರ ದಂಡ, ಮೂರು ವರ್ಷದ ತನಕ ಜೈಲು ಆಗಬಹುದು. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ ಇಪ್ಪತ್ತೈದು ವರ್ಷದ ತನಕ ಲೈಸನ್ಸ್ ಸಿಗದು. ಇದೆಲ್ಲ ಯಾರಿಗೂ ಏನೂ ಆಗದಿದ್ದರೆ. ಆದರೆ?

ಇನ್ನು ಮೊದಲು ಹೇಳಿದ ನಾಚಿಕೆಯ ಮಾತು. ಸಣ್ಣ ಕಾರು ಎಂದರೆ ಮೂಗು ಮುರಿಯುವ ರೋಗ ನಮ್ಮ ಮದುವೆ ಮನೆಗಳಿಗೂ ಬಂದಿದೆ. ಹೆಣ್ಣಿನ ಮನೆಯಿಂದ ಕಾರು ಬರಬೇಕು, ಅದೂ ದೊಡ್ಡದಿರಬೇಕು, "ಆಲ್ಟೋ ಕೊಟ್ಟರಂತೆ" ಎಂದು ನಗುವವರಿದ್ದಾರೆ. ಆ ಕಾರಿಗಾಗಿ ಒಬ್ಬ ತಂದೆ ಐದು ಸೆಂಟ್ಸ್ ಜಾಗ ಮಾರಿರುತ್ತಾನೆ, ಇಲ್ಲವೇ ಇನ್ನೂ ಮೂರು ವರ್ಷ ಮರುಭೂಮಿಯಲ್ಲಿ ದುಡಿಯಲು ಹೋಗಿರುತ್ತಾನೆ. ಕೇಳಿ ಪಡೆದ ಕಾರು ಉಡುಗೊರೆಯಲ್ಲ, ವರದಕ್ಷಿಣೆ. 1961ರಿಂದ ಅದು ಅಪರಾಧ. ಸ್ವಂತ ದುಡಿಮೆಯ ಎರಡು ಲಕ್ಷದ ಹಳೆಯ ಆಲ್ಟೋದ ಸ್ಟಿಯರಿಂಗ್ ಹಿಡಿದವನು ಆ ದೊಡ್ಡ ಕಾರಿನವನ ಎದುರು ತಲೆ ತಗ್ಗಿಸಬೇಕಾಗಿಲ್ಲ.

ಕೊಳ್ಳುವವರು ಮೂರು ಪ್ರಶ್ನೆಗಳನ್ನು ಮನೆಯವರೆಲ್ಲ ಕುಳಿತು ಕೇಳಿಕೊಳ್ಳಲಿ. ತಿಂಗಳಿಗೆ ಎಷ್ಟು ಹೊರಬಲ್ಲೆವು? ಹೆಚ್ಚಾಗಿ ಎಲ್ಲಿಗೆ, ಯಾರನ್ನು ಕೂರಿಸಿಕೊಂಡು ಹೋಗುತ್ತೇವೆ? ಮನೆಯಲ್ಲಿ ಎಷ್ಟು ಜನ ಓಡಿಸಬಲ್ಲರು? ಈ ಮೂರಕ್ಕೂ ನೇರ ಉತ್ತರ ಸಿಕ್ಕ ದಿನ ಯಾವ ಕಾರು ಎಂಬುದು ತಾನಾಗಿಯೇ ತಿಳಿಯುತ್ತದೆ. ಆ ಕಾರು ಬಂದ ಮೇಲೆ ಮಳೆಗಾಲದ ಬೆಳಿಗ್ಗೆ ಮಕ್ಕಳು ಒಣಗಿದ ಬಟ್ಟೆಯಲ್ಲಿ, ಬೆಲ್ಟ್ ಕಟ್ಟಿಕೊಂಡು ಶಾಲೆಗೆ ಮುಟ್ಟಿದರೆ ಸಾಕು, ಕೊಟ್ಟ ಹಣ ಹುಟ್ಟಿದ ಹಾಗೆ.